ಗೊರಸಿನ ಕವಚ

ರೋಮನ್ ದಳಪತಿ ಫುಸ್ಕಸ್ ಬಿಟ್ಟ ಬಾಣ, ಗೂಟಕ್ಕೆ ತೊಡಿಸಿದ್ದ, ಕುದುರೆ ಗೊರಸಿನ ಬಿಲ್ಲೆಗಳನ್ನು ಸೇರಿಸಿ ಹೊಲಿದ ಕವಚಕ್ಕೆ ಬಡಿದು ಡ್ಯಾನ್ಯೂಬ್ ದಂಡೆಯ ಮರಳಿಗೆ ಬಿತ್ತು. ಪಕ್ಕದ ಕಬ್ಬಿಣದ ಕವಚವನ್ನು ಅಂಥದೇ ಬಾಣ ಆಗಲೇ ತೂತು ಮಾಡಿತ್ತು.

“ಕುದುರೆ ಉಗುರು ಅಂತ ಆಡ್ಕೊಂಡು ನಗ್ತಿದ್ರಲ್ಲ ಧಣಿ, ಈಗೇನಂತೀರಿ?” ಕವಚದೊಡೆಯ ಅರ್ದಾರ ಮೀಸೆ ತಿರುವಿದ. ಅವನಂತೆ ರೋಮಿನ ಸೇನೆಗೆ ಸೇರಿದ್ದ ಹುಲ್ಲುಗಾವಲಿನ ಸವಾರರು ಹೋ ಎಂದು ಕೂಗಿದರು.

ಫುಸ್ಕಸ್ ನಗಲಿಲ್ಲ. “ಎಷ್ಟು ಕುದುರೆ ಬೇಕಾದ್ವೋ ಇದಕ್ಕೆ?”

“ಅಜ್ಜನ ಕಾಲದಿಂದ ನಮ್ಮಲ್ಲಿ ತೀರ್ಕೊಂಡವೆಲ್ಲ ಇದರಲ್ಲಿವೆ. ಮೂರು ತಲೆಮಾರು ಹಿಡೀತು ಧಣಿ.”

“ಅಷ್ಟು ಕಾಯೋಕಾಗುತ್ತೇನಯ್ಯಾ? ಚಳಿ ಬೀಳೋದರೊಳಗೆ ನನಗೊಂದು ಆಗ್ಬೇಕು.” ಫುಸ್ಕಸ್ ಲಾಯದ ಕಡೆ ತಿರುಗಿದ. “ಮುದಿ ಕುದುರೆಗಳನ್ನೆಲ್ಲ ಒಂದು ಕಡೆ ಕಟ್ಟಿ.”

ಅರ್ದಾರನ ಬೆನ್ನ ಹಿಂದೆ, ಹತ್ತೊಂಬತ್ತು ವರ್ಷ ಅವನನ್ನು ಹೊತ್ತ ಬೂದು ಕುದುರೆ ಚಡಪಡಿಸಿ ನೆಲ ಕೆರೆಯಿತು. ಮೀಸೆಯಿಂದ ಇಳಿದ ಅವನ ಕೈ ಅದರ ಲಗಾಮು ಹುಡುಕಿತು.