ಗೊತ್ತಿದ್ದೂ ಕೇಳೋರು

"ಏಳೆಂಟ್ಲ ಎಷ್ಟು?"

ಟೀಚರ್ ಮತ್ತೆ ಕೇಳಿದರು. ಹುಡುಗಿ ಕರಿಹಲಗೆ ನೋಡಿದಳು, ಟೀಚರ್ ಮುಖ ನೋಡಿದಳು, ತುಟಿ ಬಿಗಿದಳು. ಶಾಲೆ ಸೇರಿದಾಗಿನಿಂದ ಯಾವ ಪ್ರಶ್ನೆಗೂ ಅವಳು ಬಾಯಿ ಬಿಟ್ಟವಳಲ್ಲ. ದಡ್ಡಿಯೋ, ಹಟಮಾರಿಯೋ, ಇಲ್ಲ ಒಳಗೊಳಗೇ ತನ್ನನ್ನು ಆಟ ಆಡಿಸುತ್ತಿದ್ದಾಳೋ? ಕೊನೆಯದೇ ನಿಜವೆಂದು ಟೀಚರ್‌ಗೆ ಗುಮಾನಿ.

"ನೋಡಿದ್ರಲ್ಲ ಅಜ್ಜಿ? ಇವಳನ್ನ ಕೆಳಗಿನ ಕ್ಲಾಸಿಗೆ ಹಾಕ್ತೀನಿ. ತಮ್ಮನ ಪಕ್ಕ ಕೂತ್ಕೊಳ್ಲಿ."

ಟೀಚರ್ ಹೇಳಿಕಳಿಸಿದ್ದಕ್ಕೆ ಬಂದಿದ್ದ, ಚಾಪೆ ಹೆಣೆಯುವ ಅವಳ ಅಜ್ಜಿ ಬಾಗಿಲ ಬಳಿಯ ಬೆಂಚಿನ ತುದಿಯಲ್ಲಿ, ಯಾವಾಗ ಬೇಕಾದರೂ ಎದ್ದು ಹೋಗುವವರಂತೆ ಕೂತಿದ್ದರು. ಈ ಕೋಣೆಯ ಮೇಲೆ ಅವರಿಗೂ ಎಳ್ಳಷ್ಟು ನಂಬಿಕೆ ಇರಲಿಲ್ಲ.

"ಟೀಚರಮ್ಮ, ಅದೆಷ್ಟು ಅಂತ ನಿಮಗೆ ಗೊತ್ತಿಲ್ವಾ?"

"ಗೊತ್ತಿಲ್ದೇ ಏನು?"

"ಮತ್ತೆ ಮಗೂನ ಯಾಕೆ ಕೇಳ್ತೀರಿ? ನಮ್ಮನೇಲಿ ಗೊತ್ತಿಲ್ಲದೋರು ಕೇಳ್ತಾರೆ. ಗೊತ್ತಿದ್ದೂ ಕೇಳ್ತಿದಾರೆ ಅಂದ್ರೆ ಏನೋ ಮಸಲತ್ತು ಅಂತ."

"ಹಾಗಾದ್ರೆ ಇವಳಿಗೆ ಚಾಪೆ ಹೆಣೆಯೋದು ಹೇಗೆ ಕಲಿಸಿದ್ರಿ?"

"ಕಲಿಸೋದೇನು ಬಂತು? ನಾನು ಹೆಣೀತಿದ್ದೆ, ಇವಳು ನೋಡ್ತಿದ್ಳು. ಒಂದಿನ ತಾನೇ ಕಡ್ಡಿ ಎತ್ಕೊಂಡ್ಳು. ಬರುತ್ತಾ ಅಂತ ನಾನು ಕೇಳ್ಲೇ ಇಲ್ಲ."

ಎಲಾ ಮುದುಕಿ, ನನಗೇ ಪಾಠ! ಸಿಟ್ಟಿನಿಂದ ಟೀಚರ್ ಹೆಡ್‌ಮಾಸ್ಟರ್‌ಗೆ ಚೀಟಿ ಬರೆಯಲು ಹೊರಟರೆ ಪೆನ್ನೇ ಇಲ್ಲ. ಮೇಜು, ಡ್ರಾಯರು, ಚೀಲ ಎಲ್ಲ ತಡಕಾಡಿ, "ಎಲ್ಲಿ ಹಾಳಾಗಿ ಹೋಯ್ತು ಈ ಪೆನ್ನು?" ಎಂದು ಗೊಣಗಿದರು.

"ನಿಮ್ಮ ತುರುಬಲ್ಲಿದೆ ಟೀಚರ್."

ಆ ದನಿಯನ್ನು ಟೀಚರ್ ಕೇಳಿದ್ದು ಅದೇ ಮೊದಲು. ತುರುಬಿನಿಂದ ಪೆನ್ನು ಕಿತ್ತುಕೊಳ್ಳುವಾಗ ನಾಚಿಕೆಯಾಯಿತು, ಖುಷಿಯೂ ಆಯಿತು. ತಕ್ಷಣ ಒಂದು ಉಪಾಯ ಹೊಳೆಯಿತು. ಹಣೆ ಚಚ್ಚಿಕೊಂಡು, "ಅಯ್ಯೋ, ಏಳೆಂಟ್ಲ ಎಷ್ಟು ಅಂತಾನೂ ಮರೆತೋಯ್ತಲ್ಲ!" ಎಂದರು.

ಹುಡುಗಿ ಅಜ್ಜಿಯ ಕಡೆ ತಿರುಗಿದಳು. "ಅಜ್ಜಿ, ಈಗ ಸುಳ್ಳು ಬೇರೆ ಹೇಳ್ತಿದಾರೆ."

ಟೀಚರ್ ಮುಖ ಇಂಗು ತಿಂದ ಮಂಗನ ಹಾಗಾಯಿತು. ಕುರ್ಚಿಯಲ್ಲಿ ಕುಸಿದು, "ಸರಿ ಕಣೇ. ನಿನಗೆ ಹೇಗೆ ಕಲಿಸ್ಲಿ ಹೇಳು. ನಿಜವಾಗ್ಲೂ ಗೊತ್ತಾಗ್ತಿಲ್ಲ" ಎಂದರು.

ಹುಡುಗಿ ಅವರ ಕಣ್ಣನ್ನೇ ದಿಟ್ಟಿಸಿದಳು. ಈ ಸಲ ಮಸಲತ್ತು ಕಾಣಲಿಲ್ಲವೇನೋ.

"ನೀವು ಲೆಕ್ಕ ಮಾಡ್ತಾ ಹೋಗಿ. ನಾನು ನೋಡ್ತಿರ್ತೀನಿ. ತಪ್ಪಿದ್ರೆ ಹೇಳ್ತೀನಿ."

ಟೀಚರ್ ಚೀಟಿ ಬದಿಗಿಟ್ಟು ಸೀಮೆಸುಣ್ಣ ಹಿಡಿದರು. ಐವತ್ತಾರು ಎಂದು ಬರೆದವರು, ಬೆನ್ನ ಹಿಂದೆ ಕಾಯುತ್ತಿದ್ದ ಆ ಎರಡು ಕಣ್ಣು ನೆನೆದು, ಸರಿ ತಾನೇ ಎಂದು ಬೆರಳು ಮಡಿಚಿ ಇನ್ನೊಮ್ಮೆ ಎಣಿಸತೊಡಗಿದರು.