ಸರಪಳಿಯ ಸದ್ದು

ತೊಟ್ಟಿಲ ಬಳಿ ಇಟ್ಟ ಫೋನು ಮಗುವಿನ ಅಳು ಕೇಳಿದೊಡನೆ ಅಪ್ಪ ಅಮ್ಮನಿಗೆ ಕರೆ ಮಾಡುವಂತೆ ಮಾಡುವ ಬಿಟ್ಟಿ ಆ್ಯಪ್ ಅದು. ಅದರ ಕೋಡನ್ನು ಯಾರು ಬೇಕಾದರೂ ತಿದ್ದಿ ಕಳಿಸಬಹುದಿತ್ತು. ಶಶಿರೇಖಾ ಕುಕ್ಕರ್ ಕೂಗುವುದರೊಳಗೆ ಒಂದಿಷ್ಟು, ಮಗಳು ಮಲಗಿದ ಮೇಲೆ ಒಂದಿಷ್ಟು ತಿದ್ದುತ್ತಿದ್ದಳು.

ಒಂದು ದಿನ ಅಪರಿಚಿತನೊಬ್ಬ ದೂರು ಬರೆದ: "ಮೇಡಂ, ನಮ್ಮ ಮನೆಯಲ್ಲಿ ಮಗುವಿಲ್ಲ. ಆದರೂ ಮಗು ಅಳುತ್ತಿದೆಯೆಂದು ಅಂಗಡಿಯಲ್ಲಿರುವ ನನಗೆ ಕರೆ ಬರುತ್ತದೆ. ಎದೆ ಝಲ್ಲೆನ್ನುತ್ತದೆ."

"ಆ್ಯಪ್ ತೆಗೆದುಬಿಡಿ, ಅಣ್ಣಾ."

"ಹೆಂಡತಿ ಬಿಡುತ್ತಿಲ್ಲ. ತೊಟ್ಟಿಲನ್ನೂ ಬಿಚ್ಚಗೊಡುತ್ತಿಲ್ಲ. ಮಗು ತೀರಿಕೊಂಡಾಗಿನಿಂದ ಹೀಗೇ."

ಆ್ಯಪ್ ಹಿಡಿದಿಟ್ಟಿದ್ದ ಸದ್ದನ್ನು ಅವನು ಕಳಿಸಿದ, ಅವಳು ಕೇಳಿದಳು. ಅಳುವಲ್ಲ, ತನ್ನ ಮನೆಯಲ್ಲೂ ಕೇಳಿದ್ದ, ತೊಟ್ಟಿಲ ಸರಪಳಿಯ ಕಿರ್ ಕಿರ್.

"ಗಾಳಿಗೆ ತೊಟ್ಟಿಲು ತೂಗುತ್ತಿದೆ, ಅಷ್ಟೆ," ಎಂದು ಬರೆದು, ಆ ಸದ್ದನ್ನು ಅಳುವೆಂದು ಎಣಿಸದಂತೆ ಕೋಡ್ ತಿದ್ದಿ ಕಳಿಸಿದಳು. ಆ್ಯಪ್ ನೋಡಿಕೊಳ್ಳುವ ಜೊತೆಗಾರರು ಒಪ್ಪಿದರು. ತಿದ್ದಿದ ಆ್ಯಪ್ ಹೊರಬಂತು.

"ಕರೆ ನಿಂತಿತು. ನಿಮಗೆ ಪುಣ್ಯ ಬರಲಿ," ಎಂದ ಅವನು.

ಮರುದಿನ ಅದೇ ಹೆಸರಿನಿಂದ ಇನ್ನೊಂದು ಓಲೆ ಬಂತು:

"ಅಕ್ಕಾ, ನಾನು ಅವರ ಹೆಂಡತಿ. ಬೆಳಗಿನಿಂದ ತೊಟ್ಟಿಲು ತೂಗುತ್ತಿದ್ದೇನೆ, ಫೋನಿಗೆ ಕರೆಯೇ ಬರುತ್ತಿಲ್ಲ, ಕಂದ ಅಳುತ್ತಲೇ ಇಲ್ಲ. ಮೊದಲಿನ ಹಾಗೇ ಮಾಡಿಕೊಡಿ."