ಸಾಸಿನ ದಪ್ಪ

ಹಂಡೆಯಿಂದ ಆಗಷ್ಟೇ ತೆಗೆದ ಸೂಜಿಮೆಣಸಿನ ಸಾಸಿನೊಳಗೆ, ದಪ್ಪ ಅಳೆಯುವ ವಿಸ್ಕೋಮೀಟರಿನ ಕಡ್ಡಿ ಗಿರಗಿರನೆ ತಿರುಗಿತು. ಪರದೆಯ ಮೇಲೆ ಒಂಬೈನೂರು ಮೂಡಿತು. ಬೇಕಾಗಿದ್ದದ್ದು ನಾಲ್ಕು ಸಾವಿರ.

"ನೀರು ಜಾಸ್ತಿ ಆಗಿದೆ ಪೂರ್ಣೇಶಣ್ಣ," ಎಂದಳು ಶಿಲ್ಪಶ್ರೀ. "ಇನ್ನೂ ಕುದಿಸ್ಬೇಕು."

"ಗ್ಯಾಸು ತುಂಗೆಯಲ್ಲಿ ತೇಲ್ಕೊಂಡು ಬರುತ್ತಾ? ಕಡ್ಡಿ ನಿಧಾನ ತಿರುಗ್ಸು ಮಾರಾಯ್ತಿ."

ತೀರ್ಥಹಳ್ಳಿಯ ಆ ಸಾಸ್ ಘಟಕದ ಮಾಲೀಕ ಪೂರ್ಣೇಶನಿಗೆ ವಿಜ್ಞಾನದ ಮೇಲೆ ಅಪಾರ ಗೌರವ ಹುಟ್ಟಿದ್ದು ಹೋದ ತಿಂಗಳು. ಜೋರಾಗಿ ಕಲಕಿದರೆ ಸಾಸ್ ತೆಳುವಾಗುತ್ತದೆ, ನಿಧಾನವಾಗಿ ಕಲಕಿದರೆ ದಪ್ಪ ತೋರಿಸುತ್ತದೆ, ಆದ್ದರಿಂದ ಯಾವಾಗಲೂ ಒಂದೇ ವೇಗದಲ್ಲಿ ಅಳೆಯಬೇಕು ಎಂದು ಲ್ಯಾಬಿನ ಈ ಹುಡುಗಿ ಅರ್ಧ ದಿನ ಪಾಠ ಮಾಡಿದ್ದಳು. ಕೊನೆಯ ಮಾತೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಆತ ಶ್ರದ್ಧೆಯಿಂದ ಕಲಿತಿದ್ದ.

ಅವಳು ವೇಗ ಇಳಿಸಿದಳು. ಕಡ್ಡಿ ಮದುವೆ ಊಟ ಮುಗಿಸಿದವರ ಹಾಗೆ ಸುತ್ತತೊಡಗಿತು. ನಾಲ್ಕು ಸಾವಿರದ ಇನ್ನೂರು.

"ನೋಡು, ಒಂದು ಚೂರು ಗ್ಯಾಸ್ ಸುಡದೆ ದಪ್ಪ ಆಯ್ತು. ಈಗ ಬರೋರ ಎದ್ರು ಇಷ್ಟೇ ಹೇಳು. ಮುಂದಿನ ತಿಂಗ್ಳಿಂದ ನಿನ್ನ ಕೆಲ್ಸ ಖಾಯಂ."

ಸಾಸ್ ಕೊಳ್ಳುವ ಕಂಪನಿಯ ಕ್ವಾಲಿಟಿ ಆಫೀಸರ್ ನಿರಂಜನ ಬಂದ. ತಲೆಗೆ ಬಲೆ ಟೋಪಿ ಹಾಕಿಕೊಂಡು ಪರದೆ ನೋಡಿದ, ತೃಪ್ತನಾದ. ಖಾಯಂ ಎಂಬ ಪದ ಶಿಲ್ಪಶ್ರೀಯ ನಾಲಿಗೆಯ ಮೇಲೆ ಇನ್ನೂ ಸಿಹಿಯಾಗಿ ಕೂತಿತ್ತು. ಆದರೂ ಅವಳು ಬಾಯಿ ತೆರೆದಳು.

"ಸರ್, ಇದು ಕಡ್ಡಿ ನಿಧಾನ ಮಾಡಿ ತೆಗೆದ ನಂಬರ್. ಸರಿಯಾದ ವೇಗದಲ್ಲಿ ಒಂಬೈನೂರೇ ಬರೋದು. ಸಾಸ್ ನೀರಾಗಿದೆ."

ಪೂರ್ಣೇಶನ ಮುಖ ಹಣ್ಣುಮೆಣಸಿನ ಬಣ್ಣಕ್ಕೆ ತಿರುಗಿತು. ನಿರಂಜನ ಮಾತ್ರ ತಾಳ್ಮೆಯಿಂದ ತನ್ನ ಮೊಬೈಲನ್ನು ಅವಳ ಕಡೆ ಹಿಡಿದ.

"ಮೇಡಂ, ನಮ್ಮ ಆ್ಯಪ್ ಕೇಳೋದು ಒಂದೇ ನಂಬರ್. ವೇಗಗೀಗ ಹಾಕೋಕೆ ಇದ್ರಲ್ಲಿ ಜಾಗಾನೇ ಇಲ್ಲ."

ನಾಲ್ಕು ಸಾವಿರದ ಇನ್ನೂರು ಎಂದು ಒತ್ತಿದ. ಹಸಿರು ಟಿಕ್ ಬಿತ್ತು.

"ಹೊಸಬಳು ಸರ್," ಎಂದು ಪೂರ್ಣೇಶ ನಕ್ಕ. "ಈ ತಿಂಗ್ಳಿಗೆ ಮುಗೀತು ಇವಳದ್ದು. ನೀವು ಬೋಂಡ ತಗೊಳಿ, ಬಿಸಿ ಇದೆ. ನಮ್ಮ ಸಾಸಲ್ಲೇ ಅದ್ದಿ."

ನಿರಂಜನ ಅದ್ದಿ ಎತ್ತಿದ. ಸಾಸ್ ಬೋಂಡದಿಂದ ಬೆರಳಿಗೆ, ಬೆರಳಿನಿಂದ ಮಣಿಕಟ್ಟಿಗೆ ಇಳಿದು, ಬಿಳಿ ಅಂಗಿಯ ತೋಳಿನೊಳಗೆ ಮೊಣಕೈತನಕ ಹರಿಯಿತು. ಆತ ಕರವಸ್ತ್ರ ತೆಗೆದು ಒರೆಸಿಕೊಳ್ಳುತ್ತ ಶಿಲ್ಪಶ್ರೀಯತ್ತ ತಿರುಗಿದ.

"ದಪ್ಪ ಸರಿಯಾಗೇ ಇದೆಯಲ್ಲ, ಮೇಡಂ."